ಅಜ್ಜ ಕಟ್ಟಿದ ಹೈಸ್ಕೂಲಿನ ಮಾದರಿ: ಗೋಡೆ ಎದ್ದಿದೆ, ಮಾಡು ಬಾಕಿ

ಹಳೇ ಕಟ್ಟಡದ ಗೋಡೆಗಳ ಅಳತೆ ಪೂರ್ತಿ ಆಯಿತು. ಮಾದರಿ 1:50 ಪ್ರಮಾಣದ್ದು. 20 ಅಡಿಯ ಕ್ಲಾಸ್‌ರೂಮು ಇಲ್ಲಿ 12 ಸೆಂಟಿಮೀಟರ್, ಒಂದೂವರೆ ಅಡಿ ದಪ್ಪದ ಗೋಡೆ 9 ಮಿಲಿಮೀಟರ್. ಗೋಡೆಗೆ ಫೋಮ್ ಬೋರ್ಡ್ ಹಾಕಿದೆ. ಬಣ್ಣಕ್ಕೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪುಡಿಯನ್ನೇ ಜರಡಿ ಹಿಡಿದು ಫೆವಿಕಾಲಿನಲ್ಲಿ ಕಲಸಿ ಬಳಿದೆ. ನಮ್ಮ ಕಾಸರಗೋಡಿನ ಕೆಂಪು ಹಾಗೇ ಬಂತು.

ಈ ಸಲ ಜಾಸ್ತಿ ಹೊತ್ತು ಹಿಡಿದದ್ದು ಪಡುಬದಿಯ ಗೋಡೆ. ಅದರ ನಡುವೆ ಅಡ್ಡಕ್ಕೆ ಒಂದು ಗೆರೆ ಇದೆ. ಕೆಳಗಿನ ಕಲ್ಲು ಕಪ್ಪು, ಮೇಲಿನದ್ದು ಕೆಂಪು. ಯಾಕೆ ಅಂತ ದೊಡ್ಡಪ್ಪನನ್ನು ಕೇಳಿದೆ. ಮಳೆಗಾಲಕ್ಕೆ ಮೊದಲು ಬರುವ ತುಳುವರ ಗಡುವಿನ ದಿನ ಪತ್ತನಾಜೆ, ಅದರ ಒಳಗೆ ಹಂಚು ಹಾಕಲು ಆಗಲಿಲ್ಲವಂತೆ. ಅರ್ಧ ಗೋಡೆಗೆ ತೆಂಗಿನ ಮಡಲು ಮುಚ್ಚಿ ಆಟಿ, ಸೋಣ ಎಂಬ ಮಳೆಯ ತಿಂಗಳುಗಳನ್ನು ಕಳೆದರು. ಮಳೆ ಬಿಟ್ಟ ಮೇಲೆ ಹೊಸ ಕಲ್ಲು ಬಂತು. ಆ ಗೆರೆಯನ್ನು ಮಾದರಿಯಲ್ಲೂ ಹಾಗೇ ಉಳಿಸಿದ್ದೇನೆ.

ಮೂಡುಬದಿಯ ಕೋಣೆಗಳು ಎದ್ದಾಗ ನಮ್ಮೂರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಪಡುಬದಿ ಕಟ್ಟಿದ್ದು ಅದರ ನಂತರ. ಮೇಸ್ತ್ರಿ ಅಜ್ಜನೇ, ಕಲಿಸುವ ಮಾತು ಕನ್ನಡವೇ.

ಜಗಲಿಯ ಒಳಗೋಡೆಗೆ ಗಾರೆ ಇಲ್ಲ. ಅಲ್ಲಿ ಕಲ್ಲು ಕೆತ್ತಿದ ಕೊಡಲಿಯ ಗುರುತು ಈಗಲೂ ಕಾಣುತ್ತದೆ. ದೊಡ್ಡಪ್ಪ ಕೈಯಾಡಿಸಿ ನೋಡಿ ಹೇಳಿದರು: “ಉದ್ದಕ್ಕೆ ಓರೆಯಾಗಿ ಹೋದದ್ದು ಅಪ್ಪನ ಏಟು. ಈ ಗಿಡ್ಡದ್ದೆಲ್ಲ ನನ್ನದು ಮಗಾ. ನನಗಾಗ ಮೀಸೆಯೂ ಬಂದಿರಲಿಲ್ಲ.” ಕೋರೆಯಿಂದ ಎತ್ತಿದಾಗ ಮುರಕಲ್ಲು ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಹಸಿ ಇರುವಾಗಲೇ ಕೆತ್ತಿ ಮುಗಿಸಿ, ಒಣಗಲು ಬಿಟ್ಟು, ಆಮೇಲೆ ಗೋಡೆಗೆ ಏರಿಸುತ್ತಿದ್ದರು. ಇಬ್ಬರ ಏಟನ್ನೂ ಸೂಜಿಮೊನೆಯಿಂದ ಬೇರೆಬೇರೆಯಾಗಿ ಗೀರಿದ್ದೇನೆ. ಭೂತಗನ್ನಡಿ ಬೇಕಾಗಬಹುದು, ಆದರೂ ಅದು ಇರಲೇಬೇಕು.

ಕಲ್ಲುಗಳ ನಡುವಿನ ಸುಣ್ಣ ಅಜ್ಜಿಯದು. ಮರುವಾಯಿ ಚಿಪ್ಪು ಸುಟ್ಟ ಸುಣ್ಣಕ್ಕೆ ಹೊಯಿಗೆ (ಮರಳು) ಸೇರಿಸಿ, ಬೆಲ್ಲದ ನೀರು ಹಾಕಿ ಅರೆಯುತ್ತಿದ್ದರಂತೆ. ಅತ್ತೆಯಂದಿರು ಕೆರೆಯಿಂದ ನೀರು ಹೊತ್ತು ತಂದವರು. ಅಜ್ಜನ ಲೆಕ್ಕದ ಪುಸ್ತಕದಲ್ಲಿ ಕೂಲಿಯವರ ಹೆಸರೆಲ್ಲ ಇದೆ, ಮನೆಯ ಹೆಂಗಸರದು ಒಂದೂ ಇಲ್ಲ. ನನ್ನ ಮಾದರಿಯ ಪಕ್ಕದ ಚೀಟಿಯಲ್ಲಿ ಅವರ ಹೆಸರು ಮೊದಲು ಬರುತ್ತದೆ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಯಾಗಿದೆ.

ಕಿಟಕಿ, ಬಾಗಿಲು ಬೇಗ ಮುಗಿದವು. ಐಸ್‌ಕ್ರೀಂ ಕಡ್ಡಿ ಸೀಳಿದರೆ ಸಾಕು.

ಇನ್ನು ಮಾಡಿನ (ಛಾವಣಿಯ) ಕೆಲಸ. ಅಲ್ಲಿರುವುದು ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ತುಂಬ ಹಬ್ಬಿದ ಹಂಚು ಇದು. 16 ಇಂಚಿನ ಹಂಚು ನನ್ನ ಲೆಕ್ಕದಲ್ಲಿ 8 ಮಿಲಿಮೀಟರ್. ರಟ್ಟಿನಲ್ಲಿ ಕತ್ತರಿಸಿ ಒಂದೊಂದಾಗಿ ಅಂಟಿಸುವುದು ಅಂತ ಇದ್ದೇನೆ. ಅದಕ್ಕೆ ಮೊದಲು ಹಂಚು ಹೊರುವ ಮರದ ಪಕ್ಕಾಸು, ರೀಪುಗಳ ಅಂತರ ಸರಿಯಾಗಿ ಸಿಗಬೇಕು. ಹೆಡ್‌ಮಾಸ್ಟರು ಶನಿವಾರ ಏಣಿ ಕೊಡಿಸುತ್ತೇನೆ ಎಂದಿದ್ದಾರೆ. ದೊಡ್ಡಪ್ಪನೂ ಬರುತ್ತಾರೆ, ಆದರೆ ಏಣಿ ಹತ್ತಬಾರದು ಅಂತ ದೊಡ್ಡಮ್ಮ ಈಗಲೇ ಮಾತು ತೆಗೆದುಕೊಂಡಿದ್ದಾರೆ.