ಬ್ಯಾಟರಿ ಕುದಿಯುತ್ತಿದೆ ಅಂತ ಡೈನಮೋ ಬದಲಾಯಿಸುವ ಮೊದಲು

ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತೇನೆ. ಘಟ್ಟದ ಕಡೆಯಿಂದ ಬರುವ ಪಿಕಪ್‌ಗಳಲ್ಲಿ ಎರಡು ಕಂಪ್ಲೇಂಟ್ ಜಾಸ್ತಿ. ಬೆಳಿಗ್ಗೆ ಸೆಲ್ಫ್ ಹೊಡೆಯಲ್ಲ, ಇಲ್ಲಾಂದ್ರೆ ಬ್ಯಾಟರಿ ನೀರು ಕುದಿದು ಖಾಲಿಯಾಗುತ್ತದೆ. ಮೊದಲನೆಯದಕ್ಕೆ ಬ್ಯಾಟರಿ ಬದಲಾಯಿಸುತ್ತಾರೆ, ಎರಡನೆಯದಕ್ಕೆ ಡೈನಮೋ, ಅಂದ್ರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಮೀಟರ್ ಮಾತ್ರ ಯಾರೂ ಹಿಡಿದಿರುವುದಿಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ, ಯಾಕಂದ್ರೆ ಆ ದುಡ್ಡು ಒಬ್ಬ ಡ್ರೈವರ್ ಮಳೆಯಲ್ಲಿ, ಮಂಜಿನಲ್ಲಿ, ರಾತ್ರಿ ನಿದ್ದೆಗೆಟ್ಟು ಅಡಿಕೆ ಮೂಟೆ ಸಾಗಿಸಿ ದುಡಿದದ್ದು.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಗಾಡಿ ಬಂತು. ಬ್ಯಾಟರಿ ಹೊಸದು, ಡೈನಮೋ ಕೂಡ ಹೊಸದು. ಆದರೂ ಕುದಿಯುತ್ತಿದೆ. ಬ್ಯಾಟರಿ ಮೇಲೆಲ್ಲ ಆಸಿಡ್ ಹನಿ, ಪ್ಲಸ್ ಟರ್ಮಿನಲ್ ಮೇಲೆ ಪಾಚಿ ಬಣ್ಣದ ಪುಡಿ. "ಇನ್ನು ಎಂತ ಬದಲಾಯಿಸೋದು ಮಾರಾಯ್ರೆ, ಬೇಸಿಗೆಯಲ್ಲಿ ಸರಿ ಇರ್ತದೆ, ಮಳೆ ಹಿಡಿದ ಮೇಲೇ ಹೀಗೆ" ಅಂದರು ಮಾಲೀಕರು. ಆ ಕೊನೆಯ ಮಾತನ್ನು ಹಿಂದೆ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ ಅನ್ಸುತ್ತದೆ.

ಸ್ಟಾರ್ಟ್ ಮಾಡಿ ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮೀಟರ್ ಇಟ್ಟೆ. 14.3 ವೋಲ್ಟ್. ಸಾಮಾನ್ಯ ಪಿಕಪ್‌ನಲ್ಲಿ 13.8ರಿಂದ 14.5ರ ಒಳಗೆ ಇದ್ದರೆ ಚಾರ್ಜಿಂಗ್ ಸರಿ ಇದೆ ಅಂತ ಲೆಕ್ಕ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಹೆಡ್‌ಲೈಟ್ ಹಾಕಿಸಿದೆ, ವೈಪರ್ ಹಾಕಿಸಿದೆ, 14.2ಕ್ಕೆ ಬಂತು. ಲೋಡ್ ಹಾಕಿದಾಗ ಸ್ವಲ್ಪ ಇಳಿಯುವುದು ಸಹಜ. ಆಮೇಲೆ ಫಾಗ್ ಲ್ಯಾಂಪ್ ಹಾಕಿಸಿದೆ. ಮೀಟರ್ ಇಳಿಯುವ ಬದಲು ಏರಿತು. 15.2.

ಲೋಡ್ ಹಾಕಿದಾಗ ವೋಲ್ಟೇಜ್ ಏರುತ್ತಿದೆ ಅಂದ್ರೆ ಡೈನಮೋದ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್‌ಗೆ ತಪ್ಪು ಲೆಕ್ಕ ಹೋಗುತ್ತಿದೆ ಅಂತ ಅರ್ಥ. ಈ ಗಾಡಿಯ ಡೈನಮೋಗೆ ಒಂದು ಸೆನ್ಸ್ ವೈರ್ ಇದೆ. ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ ಅಂತ ರೆಗ್ಯುಲೇಟರ್ ಆ ವೈರಿನಿಂದಲೇ ನೋಡಿಕೊಳ್ಳುತ್ತದೆ. ಪ್ಲಗ್ ಹಿಂದಿನಿಂದ ಮೀಟರ್ ಪಿನ್ ಚುಚ್ಚಿ ನೋಡಿದೆ, ಅಲ್ಲಿ 14.2 ಇತ್ತು. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ 15.2. ಅಂದ್ರೆ ದಾರಿಯಲ್ಲಿ ಒಂದು ವೋಲ್ಟ್ ಕಳೆದುಹೋಗುತ್ತಿದೆ. ರೆಗ್ಯುಲೇಟರ್ ಪಾಪ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ, ಕಡಿಮೆ ಇದೆ ಅಂದುಕೊಂಡು ಜಾಸ್ತಿ ತಳ್ಳುತ್ತಿದೆ. ಅಲ್ಲಿ ಹೊಸ ಡೈನಮೋ ಹಾಕಿದರೂ ಅದೂ ಅದನ್ನೇ ಮಾಡುತ್ತದೆ ಅಲ್ವಾ.

ವೈರ್ ಹಿಡಿದು ಹೋದರೆ ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸ್ ಹತ್ತಿರ ಸಿಕ್ಕಿತು. ಆಗುಂಬೆ ಕಡೆ ಮಂಜಿನಲ್ಲಿ ಓಡಿಸೋಕೆ ಅಂತ ಯಾರೋ ಫಾಗ್ ಲ್ಯಾಂಪ್ ಕೂರಿಸಿದ್ದಾರೆ, ರಿಲೇ (ದೊಡ್ಡ ಕರೆಂಟನ್ನು ಬೇರೆ ಲೈನಿನಿಂದ ಕೊಡುವ ಸ್ವಿಚ್) ಇಲ್ಲ. ಸೆನ್ಸ್ ವೈರ್ ಹೋಗುವ ಇಗ್ನಿಷನ್ ಲೈನಿನ ಸಿಪ್ಪೆ ಸುಲಿದು, ಅಲ್ಲೇ ಸುತ್ತಿ, ಮೇಲೆ ಟೇಪ್ ಹಾಕಿದ್ದಾರೆ. ಟೇಪ್ ಬಿಚ್ಚಿದರೆ ಒಳಗೆ ತಾಮ್ರವೆಲ್ಲ ಹಸಿರಾಗಿತ್ತು, ಬೆರಳಲ್ಲಿ ಮುಟ್ಟಿದರೆ ಎಳೆಗಳು ಉದುರುತ್ತಿದ್ದವು. ಆ ಲೈನಿನ ಫ್ಯೂಸ್ ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು. 55 ವ್ಯಾಟಿನ ಎರಡು ಲ್ಯಾಂಪ್ ಅಂದ್ರೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಬರೀ 0.1 ಓಮ್ ಅಡ್ಡಿ ಇದ್ದರೂ 0.9 ವೋಲ್ಟ್ ಅಲ್ಲೇ ಹೋಗುತ್ತದೆ. ಮಳೆಗಾಲದಲ್ಲಿ ಮಾತ್ರ ಯಾಕೆ ಕುದಿಯುತ್ತಿತ್ತು ಅನ್ನೋದಕ್ಕೂ ಉತ್ತರ ಇದರಲ್ಲೇ ಇದೆ. ಬೇಸಿಗೆಯಲ್ಲಿ ಫಾಗ್ ಲ್ಯಾಂಪ್ ಯಾರು ಹಾಕ್ತಾರೆ?

ಆ ಜಾಯಿಂಟ್ ಕತ್ತರಿಸಿ, ಹೊಸ ವೈರ್ ಹಾಕಿ, ಫ್ಯೂಸ್ ಹೋಲ್ಡರ್ ಬದಲಾಯಿಸಿ, ಲ್ಯಾಂಪಿಗೆ ಬ್ಯಾಟರಿಯಿಂದಲೇ ಫ್ಯೂಸ್ ಮತ್ತು ರಿಲೇ ಕೊಟ್ಟು ಬೇರೆ ಲೈನ್ ಎಳೆದೆವು. ಎಲ್ಲ ಹಾಕಿದರೂ 14.2 ದಾಟಲಿಲ್ಲ. ಬ್ಯಾಟರಿಯನ್ನು ಮಾತ್ರ ಉಳಿಸಲು ಆಗಲಿಲ್ಲ. ಹೊರಗೆ ನಿಧಾನವಾಗಿ ಫುಲ್ ಚಾರ್ಜ್ ಮಾಡಿ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿದರೆ ಬ್ಯಾಟರಿಯ ಆರು ಸೆಲ್ ಪೈಕಿ ಐದು 1.260 ಹತ್ತಿರ, ಒಂದು ಮಾತ್ರ 1.200. ಸೆಲ್‌ಗಳ ನಡುವೆ 0.050ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಬ್ಯಾಟರಿಯನ್ನು ನಂಬಿ ಘಟ್ಟ ಹತ್ತಬಾರದು.

ವೋಲ್ಟೇಜ್ ಎಲ್ಲಾ ಲೋಡಿನಲ್ಲೂ ಸರಿ ಇದ್ದು ಬ್ಯಾಟರಿ ಕುದಿಯುವುದೂ ಉಂಟು. ಆಗ ಒಂದು ಸೆಲ್ ಶಾರ್ಟ್ ಆಗಿದೆಯಾ ನೋಡಿ. ರಾತ್ರಿಯೆಲ್ಲ ನಿಲ್ಲಿಸಿದ ಒಳ್ಳೆ ಬ್ಯಾಟರಿ 12.6 ತೋರಿಸುತ್ತದೆ, ಒಂದು ಸೆಲ್ ಸತ್ತಿದ್ದು 10.5ರ ಆಸುಪಾಸು. ಆರು ಸೆಲ್ ಹಂಚಿಕೊಳ್ಳಬೇಕಾದ 14.2ನ್ನು ಐದೇ ಸೆಲ್ ಹೊರಬೇಕು, ಒಂದೊಂದಕ್ಕೆ 2.8ಕ್ಕೂ ಜಾಸ್ತಿ ಬೀಳುತ್ತದೆ, ಕುದಿಯದೆ ಇನ್ನೇನು. ಇದನ್ನು ಗಮನಿಸದೆ ಓಡಿಸಿದರೆ ಡೈನಮೋ ಪೂರ್ತಿ ಹೊತ್ತು ದುಡಿದು ಅದೂ ಸುಟ್ಟುಹೋಗುತ್ತದೆ. ಹಳೇ ಗಾಡಿಗಳಲ್ಲಿ ಕಟೌಟ್ (ರೆಗ್ಯುಲೇಟರ್) ಡೈನಮೋ ಬಿಟ್ಟು ಬೇರೆ ಕಡೆ ಕೂತಿರುತ್ತದೆ, ಅದರ ಬಾಡಿ ಅರ್ತ್ ತುಕ್ಕು ಹಿಡಿದರೂ ಓವರ್‌ಚಾರ್ಜ್ ಆಗುತ್ತದೆ. ನಮ್ಮ ಮಳೆಗೆ ಅದು ಬೇಗ ಹಿಡಿಯುತ್ತದೆ, ಬಿಚ್ಚಿ ಉಜ್ಜಿ ಹಾಕಿ ನೋಡಿ.

ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಡಿ ನಿಲ್ಲಿಸಿ, ಬಾನೆಟ್ ತೆಗೆದು ದೂರ ನಿಲ್ಲಿ, ಬೀಡಿ ಹಚ್ಚಬೇಡಿ. ಕುದಿಯುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು. ನೀರು ಇಳಿದಿದ್ದರೆ ತಣ್ಣಗಾದ ಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿ. ಬಾವಿ ನೀರು ಬೇಡ, ಆಸಿಡ್ಡೂ ಬೇಡ.

ಇಂಜಿನ್ ಓಡುವಾಗ ಮೈನಸ್ ಟರ್ಮಿನಲ್ ಕಿತ್ತು ಡೈನಮೋ ಟೆಸ್ಟ್ ಮಾಡುವವರನ್ನು ಈಗಲೂ ನೋಡುತ್ತೇನೆ. ದಯವಿಟ್ಟು ನಿಲ್ಲಿಸಿ. ಆ ಒಂದು ಕ್ಷಣಕ್ಕೆ ವೋಲ್ಟೇಜ್ ಎಲ್ಲಿಗೋ ಹಾರುತ್ತದೆ, ಡೈನಮೋ ಒಳಗಿನ ಡಯೋಡ್ ಹೋಗಬಹುದು, ಇಂಜಿನ್ ನಡೆಸುವ ಕಂಪ್ಯೂಟರ್ (ಇಸಿಎಂ) ಕೂಡ ಹೋಗಬಹುದು. ಇನ್ನೊಂದು ಮಾತು. ಇತ್ತೀಚಿನ ಕೆಲವು ಗಾಡಿಗಳಲ್ಲಿ ಚಾರ್ಜಿಂಗ್ ವೋಲ್ಟೇಜನ್ನು ಇಸಿಎಂ ತಾನೇ ಏರಿಸಿ ಇಳಿಸುತ್ತದೆ, ಸ್ವಲ್ಪ ಹೊತ್ತು 15ರ ಹತ್ತಿರ ಕಂಡರೆ ಗಾಬರಿ ಬೇಡ. ಅಂಥ ಗಾಡಿಗೆ ಸ್ಕ್ಯಾನರ್ ಹಾಕಿ ಇಸಿಎಂ ಎಷ್ಟು ಕೇಳುತ್ತಿದೆ ನೋಡಿ, ಆಮೇಲೆ ಬ್ಯಾಟರಿ ಮೇಲೆ ಮೀಟರ್ ಇಟ್ಟು ಹೋಲಿಸಿ.