‘ಕೊನೆಗೆ ಎಲ್ಲಿ ನೆಲೆ ನಿಲ್ತೀಯ?’ ಎಂದು ಕೇಳುವವರಿಗೆ

ನಾನು ಚೀಲ ತುಂಬಿಕೊಂಡು ಹೊರಟಾಗಲೆಲ್ಲ ದೊಡ್ಡಮ್ಮ ಕೇಳುವುದು ಒಂದೇ ಮಾತು: “ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಎಷ್ಟು ದಿನ ಅಂತ ತಿರುಗ್ತೀಯೇ? ಕೊನೆಗೆ ಎಲ್ಲಿ ನೆಲೆ ನಿಲ್ತೀಯ?” ಕಚೇರಿಯ ಗೆಳತಿಯರೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಪ್ರಶ್ನೆಯ ಹಿಂದಿರುವ ಅಕ್ಕರೆ ನನಗೆ ಗೊತ್ತಿರುವುದರಿಂದ ಹಾರಿಕೆಯ ಉತ್ತರ ಕೊಡಲು ಮನಸ್ಸು ಬರುವುದಿಲ್ಲ. ಅದಕ್ಕಾಗಿ ಎಲಾ ಮಾಯಾರ್ ಎಂಬ ಸ್ವಿಸ್ ಮಹಿಳೆಯ ಕಥೆ ಹೇಳುತ್ತೇನೆ.

1903ರಲ್ಲಿ ಜಿನೀವಾದ ತುಪ್ಪಳದ ವ್ಯಾಪಾರಿಯೊಬ್ಬರ ಮಗಳಾಗಿ ಹುಟ್ಟಿದ ಎಲಾ, ಊರಿನ ಸರೋವರದಲ್ಲಿ ಹಾಯಿದೋಣಿ ನಡೆಸಲು ಕಲಿತು, 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶದ ಪರವಾಗಿ ಸ್ಪರ್ಧಿಸಿದರು. ಆದರೆ ಮೊದಲ ಮಹಾಯುದ್ಧದ ನರಮೇಧವನ್ನು ಕಂಡ ಮೇಲೆ ಯೂರೋಪಿನ ಬದುಕಿನ ರೀತಿಯ ಮೇಲೆಯೇ ಅವರಿಗೆ ನಂಬಿಕೆ ಹೋಗಿತ್ತು. ಅವರ ಅಲೆದಾಟವನ್ನು ಬರಿಯ ಸಾಹಸವೆಂದು ಹೊಗಳುವವರು ಈ ಕಾರಣವನ್ನು ಮರೆಯುತ್ತಾರೆಂದು ನನಗೆ ಬೇಸರ. 1932ರಲ್ಲಿ ಅವರು ಮಧ್ಯ ಏಷ್ಯಾದ ಸೋವಿಯತ್ ತುರ್ಕಿಸ್ತಾನದಲ್ಲಿ ಸಂಚರಿಸಿದರು. 1935ರಲ್ಲಿ ಇಂಗ್ಲಿಷ್ ಪತ್ರಕರ್ತ ಪೀಟರ್ ಫ್ಲೆಮಿಂಗ್ ಅವರೊಂದಿಗೆ ಪೀಕಿಂಗ್‌ನಿಂದ (ಇಂದಿನ ಬೀಜಿಂಗ್) ಹೊರಟು ಏಳು ತಿಂಗಳಲ್ಲಿ ಶ್ರೀನಗರ ತಲುಪಿದರು. ಆ ದಾರಿಯುದ್ದಕ್ಕೂ ಫ್ಲೆಮಿಂಗ್ ಅವರಿಗೆ ಬೇಗ ಊರು ಸೇರುವ ತವಕ. ಎಲಾ ಅವರಿಗೋ ದಾರಿ ಮುಗಿಯುವುದೇ ಬೇಡ.

1939ರಲ್ಲಿ ಲೇಖಕಿ ಆನ್ಮರೀ ಶ್ವಾರ್ಟ್ಸೆನ್‌ಬಾಖ್ ಅವರೊಂದಿಗೆ ಫೋರ್ಡ್ ಕಾರಿನಲ್ಲಿ ಕಾಬೂಲಿಗೆ ಹೋದ ಪಯಣವನ್ನು ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ. ಗೆಳತಿಯನ್ನು ಮಾರ್ಫಿನ್ ಚಟದಿಂದ ಬಿಡಿಸಬೇಕೆಂಬ ಆಸೆ ಎಲಾ ಅವರದು. ಸಾವಿರಾರು ಮೈಲಿ ಕಳೆದರೂ ಆ ಚಟ ಕಾರಿನಲ್ಲೇ ಜೊತೆಗೆ ಬಂತು. ಕಾಬೂಲಿನ ನಂತರ ಇಬ್ಬರ ದಾರಿಯೂ ಬೇರೆಯಾಯಿತು; 1942ರಲ್ಲಿ ಸೈಕಲ್ಲಿನಿಂದ ಬಿದ್ದ ಆನ್ಮರೀ 34ನೇ ವಯಸ್ಸಿನಲ್ಲಿ ತೀರಿಕೊಂಡರು. ಊರು ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರ ಮುಂದೆ ನಾನು ಈ ಭಾಗವನ್ನು ಎಂದೂ ಮುಚ್ಚಿಡುವುದಿಲ್ಲ.

ಯುದ್ಧದ ವರ್ಷಗಳನ್ನು ಎಲಾ ದಕ್ಷಿಣ ಭಾರತದಲ್ಲಿ ಕಳೆದರು. ತಿರುವಣ್ಣಾಮಲೈಯಲ್ಲಿ ಅವರು ರಮಣ ಮಹರ್ಷಿಗಳ ಮುಂದೆ ಕುಳಿತರು. 1896ರಲ್ಲಿ, ಹದಿನಾರರ ಹುಡುಗನಾಗಿ ಅಲ್ಲಿನ ಅರುಣಾಚಲ ಬೆಟ್ಟದ ಬುಡಕ್ಕೆ ಬಂದು, 1950ರಲ್ಲಿ ದೇಹ ಬಿಡುವವರೆಗೂ ಆ ಊರನ್ನೇ ಬಿಡದ ಒಬ್ಬ ವ್ಯಕ್ತಿ, ಪೀಕಿಂಗ್‌ನಿಂದ ಹಿಂದೂಕುಶ್‌ವರೆಗೆ ತಿರುಗಿದ ಹೆಣ್ಣಿಗೆ ದಾರಿ ತೋರಿದರು ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಸ್ವದೇಶಕ್ಕೆ ಮರಳಿದ ಮೇಲೆ ಆಲ್ಪ್ಸ್ ಬೆಟ್ಟಗಳ ನಡುವೆ, ಸುಮಾರು 2,000 ಮೀಟರ್ ಎತ್ತರದ ಶಾಂದೊಲಾಂ ಎಂಬ ಹಳ್ಳಿಯಲ್ಲಿ ಅವರು ಮರದ ಮನೆಯೊಂದನ್ನು ಕಟ್ಟಿಸಿಕೊಂಡರು. ಅರುಣಾಚಲದ ನೆನಪಿಗೆ ಅದಕ್ಕೆ ಇಟ್ಟ ಹೆಸರು ‘ಅಚಲ’. ಬೆಟ್ಟವೆಂದೂ ಅಲುಗಾಡದ್ದೆಂದೂ ಎರಡೂ ಅರ್ಥ ನಮಗೆ ಒಟ್ಟಿಗೇ ಕೇಳಿಸುವ ಈ ಪದ, ಆ ಫ್ರೆಂಚ್ ಮಾತಿನ ಹಳ್ಳಿಯ ಒಂದು ಬಾಗಿಲಿಗೆ ಸೇರಿದೆ.

ದೊಡ್ಡಮ್ಮನ ಪ್ರಶ್ನೆಯೊಳಗೆ ಒಂದು ಊಹೆಯಿದೆ: ನೆಲೆ ಸಿಕ್ಕಿದವಳು ತಿರುಗುವುದನ್ನು ಬಿಡುತ್ತಾಳೆ, ತಿರುಗುತ್ತಿರುವವಳಿಗೆ ಇನ್ನೂ ನೆಲೆ ಸಿಕ್ಕಿಲ್ಲ. ಎಲಾ ಅವರ ಬದುಕು ಇದನ್ನು ಒಪ್ಪುವುದಿಲ್ಲ. ಮನೆ ಕಟ್ಟಿದ ಮೇಲೂ ಅವರು 1951ರಲ್ಲಿ ನೇಪಾಳಕ್ಕೆ ಹೋದರು. ಆಮೇಲೆ ದಶಕಗಳ ಕಾಲ ಪ್ರವಾಸಿಗರನ್ನು ಏಷ್ಯಾಕ್ಕೆ ಕರೆತಂದರು. ವರ್ಷದ ಅರ್ಧ ಭಾಗವನ್ನು ತಮ್ಮ ಹಳ್ಳಿಯಲ್ಲಿ ಕಳೆದು, 1997ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು. ಹೊರಡುವಾಗ ಯೂರೋಪಿನ ಮೇಲಿದ್ದ ಸಿಟ್ಟು ಆ ಕೊನೆಯ ಪಯಣಗಳಲ್ಲಿ ಅವರನ್ನು ದೂಡುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಒಂದು ಹುಣ್ಣಿಮೆಯ ರಾತ್ರಿ ನಾನೂ ಅರುಣಾಚಲದ 14 ಕಿಲೋಮೀಟರ್ ಗಿರಿಪ್ರದಕ್ಷಿಣೆಗೆ ಬರಿಗಾಲಲ್ಲಿ ಹೊರಟಿದ್ದೆ. ಹಗಲಿನ ಬಿಸಿಲು ಕುಡಿದ ಟಾರು ರಸ್ತೆ ಕತ್ತಲಾದ ಮೇಲೂ ಅಂಗಾಲಿಗೆ ಬೆಚ್ಚಗಿತ್ತು. ದಾರಿಯಲ್ಲಿ ಕರ್ಪೂರದ ವಾಸನೆ. ಪಕ್ಕದಲ್ಲಿ ನಡೆಯುತ್ತಿದ್ದ ಮುದುಕಿಯೊಬ್ಬರು ತಮಿಳಿನಲ್ಲಿ, “ಎಂದ ಊರಮ್ಮಾ?” (ಯಾವ ಊರಮ್ಮಾ?) ಎಂದು ಕೇಳಿದರು. ಯೋಚಿಸದೆ “ಸಾಗರ” ಎಂದೆ. ಸಾಗರದಲ್ಲಿದ್ದ ನಮ್ಮ ಮನೆ ಮಾರಿ ಆಗಲೇ ಹನ್ನೊಂದು ವರ್ಷವಾಗಿತ್ತು.