ಮಾರುತಿ ಹೂ ಕೊಡದ ದಿನ

ಅನಂತಮೂರ್ತಿಯವರ ‘ಸಂಸ್ಕಾರ’ ಓದಿದವರ ಜೊತೆ ಮಾತಿಗೆ ಕೂತರೆ ಸಾಕು, ಮಾತು ಸೀದಾ ಕಾಡಿನ ಆ ರಾತ್ರಿಗೆ ಹೋಗುತ್ತದೆ. ಪ್ರಾಣೇಶಾಚಾರ್ಯರು, ಚಂದ್ರಿ, ಕತ್ತಲು. ನನ್ನನ್ನು ಜಾಸ್ತಿ ಹಿಡಿದಿಡುವುದು ಅದಕ್ಕಿಂತ ಸ್ವಲ್ಪ ಮುಂಚಿನ ದೃಶ್ಯ. ಅಲ್ಲಿ ನಡೆಯುವುದು ಏನೂ ಇಲ್ಲ. ಆಚಾರ್ಯರು ಮಾರುತಿ ಗುಡಿಯಲ್ಲಿ ಸುಮ್ನೆ ಕಾಯುತ್ತಿರುತ್ತಾರೆ.

ಕತೆ ಮರೆತವರಿಗೆ ಇಷ್ಟು ಹೇಳಿದರೆ ಸಾಕು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಶಿವಮೊಗ್ಗೆಯಿಂದ ಬರುವಾಗಲೇ ಜ್ವರ ಹತ್ತಿಸಿಕೊಂಡು ಬಂದಿದ್ದ. ಹೆಂಡ ಕುಡಿದವನು, ಮಾಂಸ ತಿಂದವನು, ಚಂದ್ರಿಯನ್ನು ಮನೆಯಲ್ಲಿ ಇಟ್ಟುಕೊಂಡವನು. ಆದರೆ ಬದುಕಿದ್ದಾಗ ಅವನಿಗೆ ಬಹಿಷ್ಕಾರ ಹಾಕಲಿಲ್ಲ, ಹಾಗಾಗಿ ಸತ್ತಾಗಲೂ ಅವನು ಬ್ರಾಹ್ಮಣನೇ. ಹಾಗಾದರೆ ಹೆಣ ಸುಡುವವರು ಯಾರು? ಸುಡುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ.

ನಾನು ಕೆಲಸ ಮಾಡುವುದು ಲೆಕ್ಕಪತ್ರದ ವಿಭಾಗದಲ್ಲಿ. ಅದಕ್ಕೇ ಇರಬೇಕು, ಈ ಹೆಣದ ಪ್ರಶ್ನೆ ನನಗೆ ಕಾಣುವುದು ಒಂದು ಫೈಲಿನ ಹಾಗೆ. ನಮ್ಮಲ್ಲಿ ಯಾರಿಗೂ ನಿರ್ಧಾರ ಬೇಡವಾದಾಗ ಟಿಪ್ಪಣಿಯ ಕೊನೆಗೆ ‘ಆದೇಶಕ್ಕಾಗಿ ಮಂಡಿಸಿದೆ’ ಅಂತ ಬರೆದು ಮೇಲಕ್ಕೆ ಕಳಿಸುತ್ತೇವೆ. ಅಗ್ರಹಾರದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರು ಮಾಡುವುದೂ ಅದನ್ನೇ. ಫೈಲು ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯರ ಮುಂದೆ ಬರುತ್ತದೆ. ಆಚಾರ್ಯರು ಅದನ್ನು ತಾಳೆಗರಿ ಗ್ರಂಥಗಳಿಗೆ ಮಂಡಿಸುತ್ತಾರೆ. ಗ್ರಂಥ ಬಾಯಿ ಬಿಡುವುದಿಲ್ಲ. ಕೊನೆಗೆ ಅದು ಮಾರುತಿಯ ಹತ್ತಿರ ಹೋಗುತ್ತದೆ. ಅಲ್ಲೂ ಆಗದಿದ್ದಾಗ ಬ್ರಾಹ್ಮಣರು ಕೈಮರಕ್ಕೆ ಹೋಗುತ್ತಾರೆ, ಅಲ್ಲಿಂದ ಮಠಕ್ಕೆ. ಅಷ್ಟು ಹೊತ್ತಿಗೆ ಮನೆಗಳ ಮೇಲೆ ಹದ್ದು ಕೂತಿವೆ, ಪ್ಲೇಗಿಗೆ ಇಲಿಗಳು ಸಾಯುತ್ತಿವೆ.

ಗುಡಿಯಲ್ಲಿ ಆಚಾರ್ಯರು ಕೇಳುವುದು ಬಹಳ ಸರಳ. ಸಂಸ್ಕಾರ ಮಾಡಬಹುದು ಅಂತಾದರೆ ಬಲಗಡೆಯ ಹೂ ಕೊಡು, ಕೂಡದು ಅಂತಾದರೆ ಎಡಗಡೆಯದು. ದೇವರನ್ನು ತೊಳೆದು, ಹೂ ಮುಡಿಸಿ, ಕಾಯುತ್ತಾರೆ. ಹೊತ್ತು ಏರುತ್ತದೆ, ಇಳಿಯುತ್ತದೆ. ಎಡದ್ದೂ ಬೀಳುವುದಿಲ್ಲ, ಬಲದ್ದೂ ಬೀಳುವುದಿಲ್ಲ. ಮನೆಯಲ್ಲಿ ಕಾಯಿಲೆಯ ಹೆಂಡತಿಗೆ ಔಷಧಿ ಕೊಡುವ ಹೊತ್ತು ಬೇರೆ ಮೀರುತ್ತಿದೆ.

ಇದನ್ನು ಓದುವಾಗ ನನಗೆ ನೆನಪಾಗುವುದು ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ 1945ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ ಭಾಷಣ. ಅದರಲ್ಲಿ ಒಬ್ಬ ವಿದ್ಯಾರ್ಥಿಯ ಕತೆ ಬರುತ್ತದೆ. ಅಣ್ಣ ಯುದ್ಧದಲ್ಲಿ ಸತ್ತಿದ್ದಾನೆ, ಅಮ್ಮನಿಗೆ ಇವನೊಬ್ಬನೇ ಆಸರೆ. ಅಮ್ಮನ ಜೊತೆ ಉಳಿಯಲೋ, ಇಂಗ್ಲೆಂಡಿಗೆ ಹೋಗಿ ಹೊರಗಿನಿಂದ ಹೋರಾಡುವ ಫ್ರೆಂಚ್ ಪಡೆ ಸೇರಲೋ ಅಂತ ಕೇಳಲು ಬಂದಿದ್ದಾನೆ. ಸಾರ್ತ್ರ್ ಕೊಟ್ಟ ಉತ್ತರ: ನೀನು ಸ್ವತಂತ್ರ, ನೀನೇ ಆರಿಸಿಕೋ. ಇಷ್ಟು ಎಲ್ಲರಿಗೂ ಗೊತ್ತಿರುವ ಭಾಗ. ನನಗೆ ಇಷ್ಟವಾಗುವುದು ಪಕ್ಕದಲ್ಲೇ ಹೇಳುವ ಇನ್ನೊಂದು ಮಾತು. ಯಾರ ಸಲಹೆ ಕೇಳಬೇಕು ಅಂತ ಆರಿಸಿದಾಗಲೇ ಎಂಥ ಸಲಹೆ ಬೇಕು ಅನ್ನುವುದನ್ನೂ ಹೆಚ್ಚುಕಮ್ಮಿ ಆರಿಸಿರುತ್ತೀರಿ. ಮೇಲಿನಿಂದ ಸೂಚನೆ ಬಂತು ಅಂದುಕೊಂಡರೂ ಅದಕ್ಕೆ ಅರ್ಥ ಕೊಡುವವರು ನೀವೇ.

ಅಕ್ಕನ ಮಗಳು ಒಂದು ರಾತ್ರಿ ಫೋನ್ ಮಾಡಿ “ಚಿಕ್ಕಮ್ಮ, ಈ ಕೆಲಸ ಬಿಡಲಾ?” ಅಂದಳು. ಅವಳ ಅಪ್ಪನನ್ನು ಕೇಳಿರಲಿಲ್ಲ. ನಾನು ಬಿಡು ಅನ್ನುವವಳು, ಭಾವ ಬೇಡ ಅನ್ನುವವರು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಸಾರ್ತ್ರ್ ಹೇಳಿದ್ದು ಇದನ್ನೇ ಅಲ್ವಾ?

ಆದರೆ ಆಚಾರ್ಯರ ಪಾಡು ಇನ್ನೂ ಕಷ್ಟ. ಅವರು ಕೇಳುವುದು ಏನನ್ನೂ ಹೇಳದವನನ್ನು. ಒಂದು ಹೂ ಉದುರಿದ್ದರೆ ಅಷ್ಟು ಸಾಕಿತ್ತು, ನಿರ್ಧಾರ ದೇವರದು ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಗಾಳಿ ಕೂಡ ಅವರ ಪರವಾಗಿ ಬೀಸಲಿಲ್ಲ. ಅನಂತಮೂರ್ತಿ ಈ ಕಾದಂಬರಿ ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಸ್ವೀಡನ್ನಿನ ಸಿನಿಮಾ ನಿರ್ದೇಶಕ ಬರ್ಗ್‌ಮನ್‌ನ ಒಂದು ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿದ ಮೇಲೆ. ಅದರಲ್ಲೂ ಪ್ಲೇಗ್ ಇದೆ, ದೇವರು ಬಾಯಿ ಬಿಡಲಿ ಅಂತ ಹಂಬಲಿಸುವ ಒಬ್ಬ ಯೋಧ ಇದ್ದಾನೆ. ಬೀಜ ಅಲ್ಲಿಯದಿರಬಹುದು, ಮೊಳೆತದ್ದು ಮಾತ್ರ ಮಲೆನಾಡಿನ ಮಣ್ಣಲ್ಲೇ.

ಆಮೇಲೆ ಕಾಡು. ಅಲ್ಲಿ ಆಚಾರ್ಯರು ಚಂದ್ರಿಯನ್ನು ಕೂಡುತ್ತಾರೆ. ಇಲ್ಲಿ ನನ್ನದು ಸ್ವಲ್ಪ ತಕರಾರು. ಆ ರಾತ್ರಿಯನ್ನೇ ಆಚಾರ್ಯರ ಬಿಡುಗಡೆ ಅಂತ ತುಂಬಾ ಜನ ಓದುತ್ತಾರೆ. ನನಗೆ ಹಾಗನಿಸುವುದಿಲ್ಲ. ದಣಿದು ಹಸಿದ ಮನುಷ್ಯ, ಕಾಲಿಗೆ ಬಿದ್ದ ಹೆಣ್ಣು, ಕತ್ತಲು. ಚಂದ್ರಿ ಮಡಿಲಿನಲ್ಲಿದ್ದ ಬಾಳೆಹಣ್ಣು ಸುಲಿದು ಕೊಡುತ್ತಾಳೆ, ಅವರು ಮಗುವಿನ ಹಾಗೆ ತಿನ್ನುತ್ತಾರೆ. ಇದು ಆದದ್ದು, ಆರಿಸಿದ್ದಲ್ಲ. ಹಾಗೆ ನೋಡಿದರೆ ಅವರು ಮೊದಲೇ ಆರಿಸಿಕೊಂಡದ್ದು ಬೇರೆ ಇದೆ. ಕಾಯಿಲೆಯ ಭಾಗೀರಥಿಯನ್ನು ಮದುವೆಯಾದದ್ದು, ಇಪ್ಪತ್ತು ವರ್ಷ ಅವಳಿಗೆ ಗಂಜಿ ಕುಡಿಸಿದ್ದು. ಅದು ತ್ಯಾಗವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ತ್ಯಾಗ ಮಾಡುವವನು ತಾನು ಅನ್ನುವ ಒಳಗಿನ ಹೆಮ್ಮೆಯೂ ಅಷ್ಟೇ ನಿಜ. ಸಾರ್ತ್ರ್‌ನ ಇನ್ನೊಂದು ಬರಹದಲ್ಲಿ ಬರುವ ಕಾಫಿ ಹೋಟೆಲಿನ ಮಾಣಿ ಅತಿಯಾದ ಚುರುಕಿನಿಂದ ಮಾಣಿಯ ಪಾತ್ರ ಆಡುತ್ತಾನಲ್ಲ, ಹಾಗೆ ಇವರು ಇಪ್ಪತ್ತು ವರ್ಷ ‘ವೇದಾಂತ ಶಿರೋಮಣಿ’ಯ ಪಾತ್ರ ಆಡಿದ್ದಾರೆ.

ಕಾಡಿನಿಂದ ಹೊರಡುವಾಗ ಅವರು ಚಂದ್ರಿಗೆ ಹೇಳುವುದು, ನಾಳೆ ಎಲ್ಲರೂ ಸೇರಿದಾಗ ನಡೆದದ್ದನ್ನು ನೀನೇ ಹೇಳಿಬಿಡು, ತೀರ್ಮಾನ ಹೇಳುವ ಅಧಿಕಾರ ನನಗಿನ್ನು ಉಳಿದಿಲ್ಲ ಅಂತ. ಗಮನಿಸಿ, ಹೇಳುವ ಕೆಲಸವನ್ನೂ ಅವಳಿಗೇ ಮಂಡಿಸುತ್ತಾರೆ! ಮರುದಿನ ಬೆಳಿಗ್ಗೆ ಬ್ರಾಹ್ಮಣರು ಬಂದು ಕೂತಾಗ ಅವರ ಬಾಯಿಂದ ಬರುವುದು ಅರ್ಧ ಸತ್ಯ. ಮಾರುತಿ ಏನೂ ಹೇಳಲಿಲ್ಲ, ನಿಮ್ಮ ಮನಸ್ಸಿಗೆ ತೋಚಿದಂತೆ ಮಾಡಿ. ಕಾದಂಬರಿಯಲ್ಲಿ ನಾನು ಪೆನ್ಸಿಲ್ಲಿನಿಂದ ಗೆರೆ ಎಳೆದಿರುವುದು ಈ ಜಾಗದಲ್ಲಿ. ಮನಸ್ಸಿಗೆ ತೋಚಿದಂತೆ ಮಾಡಿ ಅಂದಾಗ ಆ ಗುಂಪು ಹೆದರುತ್ತದೆ. ಇಲ್ಲ ಅಂದಿದ್ದರೂ ತಡೆದುಕೊಳ್ಳುತ್ತಿದ್ದರು. ಅವರಿಗೆ ಸ್ವಾತಂತ್ರ್ಯವೇ ಬೇಡದ ಉಡುಗೊರೆ. ಇನ್ನು ಆಚಾರ್ಯರು ಮುಚ್ಚಿಟ್ಟದ್ದು? ಕಾಡಿನದ್ದು ಕೈಮೀರಿ ಆಯಿತು ಅನ್ನಬಹುದು. ಈ ಮೌನ ಮಾತ್ರ ಹಗಲು ಬೆಳಕಿನಲ್ಲಿ, ಪೂರ್ತಿ ಎಚ್ಚರದಲ್ಲಿ ಅವರೇ ಆರಿಸಿಕೊಂಡದ್ದು.

ಸತ್ತ ಹೆಂಡತಿಯನ್ನು ಸುಟ್ಟು ಕಾಲು ಹೋದ ಕಡೆ ಹೊರಟ ಮೇಲೆ ಅವರಿಗೂ ಇದು ಅರ್ಥವಾಗುತ್ತದೆ. ಹಿಡಿತ ತಪ್ಪಿ ಆಗಿದ್ದರೂ ಅದರ ಹೊಣೆ ತನ್ನದೇ ಅನ್ನುವಲ್ಲಿಗೆ ಬರುತ್ತಾರೆ. ಪಕ್ಕದಲ್ಲಿ ದಾರಿಯಲ್ಲಿ ಜೊತೆಯಾದ, ಬಾಯಿ ಮುಚ್ಚದ ಮಾಲೇರ ಪುಟ್ಟ. ಮೇಳಿಗೆ ಜಾತ್ರೆ, ಕೋಳಿ ಅಂಕ, ಕಾಫಿ. ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಉಣ್ಣಲು ಕೂರುತ್ತಾರೆ. ಯಾರೋ ಗುರುತು ಹಿಡಿದ ತಕ್ಷಣ ಅರ್ಧಕ್ಕೇ ಎದ್ದು ಓಡುತ್ತಾರೆ. ಆ ಓಟ ನನಗೆ ತುಂಬಾ ಇಷ್ಟ. ದೊಡ್ಡ ಚಿಂತನೆಯೆಲ್ಲ ಹಾರಿಹೋಗಿ ಉಳಿಯುವುದು ಸಿಕ್ಕಿಬಿದ್ದೆ ಅನ್ನುವ ಭಯ ಒಂದೇ. ದೂರ್ವಾಸಪುರಕ್ಕೆ ವಾಪಸ್ ಹೋಗಿ ಎಲ್ಲರೆದುರು ಹೇಳಬೇಕು ಅಂತ ಗಾಡಿ ಹತ್ತುತ್ತಾರೆ. ಕಾದಂಬರಿ ಅಲ್ಲಿಗೆ ನಿಲ್ಲುತ್ತದೆ. ಅವರು ಹೇಳುತ್ತಾರೆ ಅಂತ ನನ್ನ ಗೆಳತಿಯ ವಾದ. ನನಗೆ ಅಷ್ಟು ನಂಬಿಕೆ ಇಲ್ಲ. ಮೊದಲ ಸಲ ಹೇಳಬೇಕಿದ್ದಾಗ ಏನು ಮಾಡಿದರು ಅಂತ ನೋಡಿದ್ದೇವಲ್ಲ.

ಇಷ್ಟಕ್ಕೂ ಫೈಲು ಯಾವಾಗಲೋ ಮುಗಿದಿರುತ್ತದೆ. ಕಾಡಿನಿಂದ ಬಂದ ಚಂದ್ರಿ ಅದೇ ರಾತ್ರಿ ನಾರಣಪ್ಪನ ಹೆಣ ನೋಡುತ್ತಾಳೆ. ಅದು ಈಗ ಬ್ರಾಹ್ಮಣನೂ ಅಲ್ಲ, ಶೂದ್ರನೂ ಅಲ್ಲ, ನಾರುವ ಹೆಣ ಅಷ್ಟೇ ಅಂತ ಅವಳಿಗೆ ಕಾಣುತ್ತದೆ. ಗಾಡಿ ಹೊಡೆಯುವವನನ್ನು ಕೇಳುತ್ತಾಳೆ, ಅವನು ಹೆದರಿ ಬಾಗಿಲು ಹಾಕಿಕೊಳ್ಳುತ್ತಾನೆ. ಮೀನಿನ ಅಹಮದ್ ಬ್ಯಾರಿಯನ್ನು ಕೇಳುತ್ತಾಳೆ. ಹಿಂದೆ ನಾರಣಪ್ಪ ಎತ್ತಿಗೆ ದುಡ್ಡು ಕೊಟ್ಟದ್ದು ಅವನಿಗೆ ನೆನಪಿದೆ. ಇಬ್ಬರೂ ಸೇರಿ ಸುಟ್ಟುಬಿಡುತ್ತಾರೆ, ಅವಳು ಕುಂದಾಪುರಕ್ಕೆ ಹೊರಡುತ್ತಾಳೆ. ಯಾರ ಅಪ್ಪಣೆಯೂ ಇಲ್ಲ, ಹೂವಿನ ಮಾತೇ ಇಲ್ಲ. ಇದಕ್ಕೆ ಲೇಖಕರು ಕೊಟ್ಟಿರುವುದು ಕೆಲವೇ ಪುಟ. ಆಚಾರ್ಯರ ತಳಮಳಕ್ಕೆ ಮೇಳಿಗೆಯವರೆಗೂ ಜಾಗ ಇದೆ, ಚಂದ್ರಿಯ ಹಿಂದೆ ಕುಂದಾಪುರಕ್ಕೆ ಕಾದಂಬರಿ ಹೋಗುವುದಿಲ್ಲ. ನನಗಂತೂ ಅವಳ ಜೊತೆ ಹೋಗಬೇಕಿತ್ತು.